ನೌಕಾಪಡೆಗೆ ಹೊರಟ ಮೊಮ್ಮಗಳಿಗೆ

ಕುವೆಂಪುನಗರ, ಮೈಸೂರು

ಚಿರಂಜೀವಿ ಚೈತ್ರಾಳಿಗೆ ನಿನ್ನ ಚಿಕ್ಕತಾತನ ಆಶೀರ್ವಾದಗಳು. ಇಲ್ಲಿ ನಾನು, ನಿಮ್ಮಜ್ಜಿ ಇಬ್ಬರೂ ಕ್ಷೇಮ.

ಅಗ್ನಿವೀರ್ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ, ತರಬೇತಿಗೆ ಒಡಿಶಾದ ಐಎನ್‌ಎಸ್ ಚಿಲ್ಕಾಗೆ ಹೋಗುತ್ತೀಯ ಅಂತ ನಿಮ್ಮಪ್ಪ ಹೇಳಿದ. ತುಂಬಾ ಸಂತೋಷವಾಯಿತು ಮಗಳೇ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ನಾವಿಕರಾಗುವ ಮಾತೇ ಇರಲಿಲ್ಲ. ಪಾಂಡವಪುರದ ನಾಲೆಯಲ್ಲಿ ಈಜು ಕಲಿತ ನಮ್ಮ ಮನೆ ಹುಡುಗಿ ಸಮುದ್ರಕ್ಕೆ ಹೊರಟಿದ್ದಾಳೆ ಅಂತ ಬೀದಿಯವರಿಗೆಲ್ಲ ಹೇಳಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಕೇಳಿದೆ. "ತಾತ, ಯುದ್ಧದಲ್ಲಿ ಕೊಂದರೂ ಪಾಪ ಪಾಪಾನೇ ಅಲ್ವಾ?" ನಿಂತ ನಿಲುವಿನಲ್ಲಿ ಉತ್ತರ ಹೇಳುವ ಪ್ರಶ್ನೆ ಅಲ್ಲ ಇದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

1971ರ ಯುದ್ಧ ನಾವು ಮಾಡಲೇಬೇಕಾಗಿತ್ತು ಅಂತ ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆ ವರ್ಷ ಮಾರ್ಚ್ 25ರ ರಾತ್ರಿ, ಆಗ ಪೂರ್ವ ಪಾಕಿಸ್ತಾನದಲ್ಲಿದ್ದ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ತನ್ನದೇ ಜನರ ಮೇಲೆ ಬಿತ್ತು. ಹೆಚ್ಚುಕಮ್ಮಿ ಒಂದು ಕೋಟಿ ಜನ ಉಟ್ಟ ಬಟ್ಟೆಯಲ್ಲಿ ಗಡಿ ದಾಟಿ ನಮ್ಮ ಕಡೆ ಬಂದರು. ಅದನ್ನು ನೋಡಿಕೊಂಡು ಸುಮ್ಮನಿರುವುದೂ ಪಾಪವೇ ಆಗುತ್ತಿತ್ತು. ಆದರೆ ಯುದ್ಧ ನ್ಯಾಯದ್ದು ಅಂದ ಮಾತ್ರಕ್ಕೆ ಸತ್ತವರ ಲೆಕ್ಕ ಚುಕ್ತಾ ಆಗುವುದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕಬೇಕು. ಒಂದನ್ನೇ ಹಿಡಿದುಕೊಂಡವರನ್ನು ನಾನು ನಂಬುವುದಿಲ್ಲ.

ನಾನು ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತವನು. ಯುದ್ಧದ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿದ್ದ ಒಂದು ಹಡಗಿನ ಬಾಯ್ಲರ್ ರೂಮಿನಲ್ಲಿದ್ದೆ. ಸಿನಿಮಾದಲ್ಲಿ ತೋರಿಸುವ ಯುದ್ಧ ನನ್ನ ಕಣ್ಣಿಗೆ ಬಿದ್ದೇ ಇಲ್ಲ. ಕಬ್ಬಿಣದ ಏಣಿ ಹಿಡಿದು ಕೆಳಗೆ ಇಳಿಯಬೇಕು. ಆ್ಯಕ್ಷನ್ ಸ್ಟೇಷನ್ಸ್, ಅಂದರೆ ಕಾಳಗಕ್ಕೆ ಸಿದ್ಧರಾಗಿ ಅನ್ನುವ ಗಂಟೆ ಹೊಡೆದರೆ ತಲೆ ಮೇಲಿನ ಹ್ಯಾಚ್ ಮುಚ್ಚಿ ಕ್ಲಿಪ್ ಬಿಗಿಯುತ್ತಾರೆ. ಒಂದು ಕೋಣೆಗೆ ನೀರು ನುಗ್ಗಿದರೂ ಮಿಕ್ಕ ಹಡಗು ಉಳಿಯಲಿ ಅಂತ. ಆಲೆಮನೆ ಒಲೆಗೆ ಮುಖ ಕೊಟ್ಟು ಕೂತ ಹಾಗೆ ಸೆಕೆ. ಕೈಯಲ್ಲಿ ಎಣ್ಣೆ ಒರೆಸುವ ಕಾಟನ್ ವೇಸ್ಟ್, ಕಣ್ಣು ಗೇಜಿನ ಮುಳ್ಳಿನ ಮೇಲೆ. ಮೇಲೆ ಏನಾಗುತ್ತಿದೆ ಅನ್ನೋದು ಒಂದೂ ಗೊತ್ತಾಗುವುದಿಲ್ಲ. ಹಡಗು ಜೋರಾಗಿ ವಾಲಿದರೆ ತಿರುಗುತ್ತಿದ್ದೇವೆ ಅಂತ ಅರ್ಥ. ಯಾಕೆ ತಿರುಗಿತು ಅಂತ ಯಾರೂ ಹೇಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ, ಅಷ್ಟೇ.

ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು, ನಿಪಟ್, ನಿರ್ಘಾಟ್, ವೀರ್, ಕರಾಚಿ ಹತ್ತಿರಕ್ಕೆ ಹೋಗಿ ಹೊಡೆದವು. ಇವತ್ತಿಗೂ ಆ ದಿನವೇ ನೌಕಾಪಡೆ ದಿನ. ಚಿಲ್ಕಾದಲ್ಲಿ ನೀನೂ ಆಚರಿಸುತ್ತೀಯ. ಪಾಕಿಸ್ತಾನದ ಖೈಬರ್ ಅನ್ನುವ ಯುದ್ಧನೌಕೆ ಮುಳುಗಿತು, ಮುಹಾಫಿಜ್ ಮುಳುಗಿತು ಅಂತ ಸುದ್ದಿ ಬಂದಾಗ ನಾವೆಲ್ಲ ಕೂಗಿ ಕುಣಿದೆವು. ಇಪ್ಪತ್ತರ ಆಸುಪಾಸಿನ ಹುಡುಗರು, ಕುಣಿಯದೇ ಇರುತ್ತೇವಾ?

ಖೈಬರ್‌ಗೆ ಏನಾಯಿತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಅವರ ಕಡೆಯವರು ಬರೆದದ್ದನ್ನು ಓದಿ. ಬಂದದ್ದು ಕ್ಷಿಪಣಿ ಅಂತಲೂ ಅವರಿಗೆ ಗೊತ್ತಾಗಲಿಲ್ಲ, ವಿಮಾನ ದಾಳಿ ಅಂದುಕೊಂಡರು. ಸ್ಫೋಟ ಆಗಿದ್ದು ಬಾಯ್ಲರ್ ರೂಮಿನಲ್ಲಿ. ಕರೆಂಟು ಹೋಗಿ ಹಡಗೆಲ್ಲ ಕತ್ತಲು. ಸಹಾಯಕ್ಕೆ ಕಳಿಸಿದ ಸಂದೇಶದಲ್ಲಿ ಹಡಗು ಇರುವ ಜಾಗ ತಪ್ಪಾಗಿ ಹೋಗಿತ್ತು, ಹುಡುಕುವವರು ಬರುವುದು ತಡವಾಯಿತು. 200ಕ್ಕೂ ಹೆಚ್ಚು ಜನ ಸತ್ತರು. ಆ ಹಡಗು ಕಟ್ಟಿದ್ದು ಬ್ರಿಟನ್ನಿನಲ್ಲಿ. ನಮ್ಮ ಖುಕ್ರಿ ಅನ್ನುವ ಯುದ್ಧನೌಕೆ ಕಟ್ಟಿದ್ದೂ ಅಲ್ಲೇ. ಅವರ ಬಾಯ್ಲರ್ ರೂಮಿನಲ್ಲೂ ಕಾಟನ್ ವೇಸ್ಟ್ ಹಿಡಿದ ಒಬ್ಬ ಹುಡುಗ ಗೇಜು ನೋಡುತ್ತಾ ನಿಂತಿದ್ದ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಐದು ದಿನಕ್ಕೆ ನಮ್ಮ ಸರದಿ. ಡಿಸೆಂಬರ್ 9ರ ರಾತ್ರಿ ದಿಯುವಿನ ಆಚೆ ಹ್ಯಾಂಗೋರ್ ಅನ್ನುವ ಪಾಕಿಸ್ತಾನದ ಜಲಾಂತರ್ಗಾಮಿ ಖುಕ್ರಿಗೆ ಟಾರ್ಪಿಡೊ ಹೊಡೆಯಿತು. ಕೆಲವೇ ನಿಮಿಷ, ಹಡಗೇ ಇಲ್ಲ. 18 ಅಧಿಕಾರಿಗಳು, 176 ನಾವಿಕರು ಹೋದರು. ಖುಕ್ರಿಯ ಕ್ಯಾಪ್ಟನ್ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟು ತಾವು ಹಡಗಿನ ಜೊತೆಗೇ ಮುಳುಗಿದರು. ನನ್ನ ಜೊತೆ ಶಿವಾಜಿಯಲ್ಲಿ ಕಲಿತ ಒಬ್ಬ ಅದರಲ್ಲಿದ್ದ. ಅಂಕೋಲಾ ಕಡೆಯವನು. ಮೆಸ್ಸಿನಲ್ಲಿ ಚಪಾತಿ ತಿಂದು ತಿಂದು ಬೇಜಾರಾದಾಗ ಇಬ್ಬರೂ ಕೂತು ಊರಿನ ಊಟದ ಮಾತಾಡುತ್ತಿದ್ದೆವು. ಅವನದು ಮೀನು ಸಾರು, ನನ್ನದು ಮುದ್ದೆ, ಬಸ್ಸಾರು.

ರಜೆ ಸಿಕ್ಕಾಗ ಅವನ ಮನೆಗೆ ಹೋದೆ. ಅವರ ತಾಯಿ ಅಳಲಿಲ್ಲ. ಬೆಲ್ಲ, ನೀರು ಕೊಟ್ಟು ಎದುರಿಗೆ ಕೂತರು. ಆಮೇಲೆ ಕೇಳಿದ್ದು ಒಂದೇ ಮಾತು. "ಅವನನ್ನ ಹುಡುಕೂಕೆ ಯಾರಾದ್ರೂ ಹೋಗಿದ್ರಾ?"

ಹೋಗಿದ್ದರು ಅಮ್ಮ ಅಂದೆ. ಅದು ನಿಜ. ಆ ರಾತ್ರಿ ಅಲ್ಲಿ ನಿಲ್ಲುವ ಹಾಗಿರಲಿಲ್ಲ, ಶತ್ರು ನೀರಿನೊಳಗೇ ಇದ್ದ. ಮರುದಿನ ನಮ್ಮ ಹಡಗುಗಳು ವಾಪಸ್ ಹೋಗಿ 67 ಜನರನ್ನು ಎತ್ತಿಕೊಂಡು ಬಂದವು. ಅವರ ಮಗ ಅದರಲ್ಲಿ ಇರಲಿಲ್ಲ ಅಷ್ಟೇ. ಹುಡುಕಿದ್ದರು ಅನ್ನುವ ಮಾತಿಗೇ ಆ ತಾಯಿ ತಲೆ ಆಡಿಸಿದರು. ಕರಾಚಿಯಲ್ಲೂ ಎಷ್ಟೋ ತಾಯಂದಿರು ಇದೇ ಪ್ರಶ್ನೆ ಕೇಳಿರುತ್ತಾರೆ.

ನೀನು ಪಾಪದ ವಿಷಯ ಕೇಳಿದೆಯಲ್ಲ, ನನ್ನ ಉತ್ತರ ಇಲ್ಲಿದೆ ನೋಡು. ಎದುರಿನ ಹಡಗು ನಿನ್ನ ಮೇಲೆ ಹೊಡೆಯುವಷ್ಟು ಹೊತ್ತು ಅದು ಶತ್ರು. ಹೊಡೆಯಬೇಕು, ಕೈ ನಡುಗಬಾರದು. ಹಡಗು ಮುಳುಗಿ ಮನುಷ್ಯ ನೀರಿಗೆ ಬಿದ್ದನೋ, ಅಲ್ಲಿಗೆ ಆ ಲೆಕ್ಕ ಮುಗಿಯಿತು. ಆಮೇಲೆ ಅವನು ಮುಳುಗುತ್ತಿರುವ ಮನುಷ್ಯ, ಅಷ್ಟೇ. ಇದು ಮುದುಕನ ಮೆತ್ತನೆ ಮನಸ್ಸಿನ ಮಾತಲ್ಲ, ಕಾನೂನು. 1949ರ ಎರಡನೇ ಜಿನೀವಾ ಒಪ್ಪಂದ ಇರುವುದೇ ಇದಕ್ಕೆ. ಕಾಳಗ ಮುಗಿದ ಕೂಡಲೇ ನೀರಿಗೆ ಬಿದ್ದವರನ್ನು, ಗಾಯಗೊಂಡವರನ್ನು, ಯಾವ ಕಡೆಯವರೇ ಆಗಲಿ, ಸಾಧ್ಯವಾದಷ್ಟೂ ಹುಡುಕಿ ಎತ್ತಬೇಕು ಅಂತ ಅದರಲ್ಲಿದೆ. ಭಾರತ ಅದನ್ನು ಒಪ್ಪಿಕೊಂಡಿದೆ. ತರಬೇತಿಯಲ್ಲಿ ಈ ಪಾಠ ಬಂದಾಗ ನಿದ್ದೆ ಮಾಡಬೇಡ. ಪರೇಡ್ ಮಾಡಿ ಸುಸ್ತಾಗಿರುತ್ತೀಯ, ಗೊತ್ತು. ಆದರೂ ಕೇಳಿಸಿಕೋ. ಮೇಲಿನವರ ಆಜ್ಞೆ ಪಾಲಿಸಲೇಬೇಕು, ಆದರೆ ಕಾಯ್ದೆಯ ಪ್ರಕಾರ ಆ ಆಜ್ಞೆಯೂ ಕಾನೂನಿನ ಒಳಗೇ ಇರಬೇಕು. ಇದೂ ನಿನಗೆ ಗೊತ್ತಿರಲಿ.

ಸ್ಕೂಲಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿದ್ದೀಯಲ್ಲ, ಟಿಪ್ಪು ಬಿದ್ದ ಜಾಗ ನೋಡಿದ್ದೀಯ. 1799ರ ಮೇ 4ರಂದು ಕೋಟೆ ಬಿತ್ತು. ಲಡಾಯಿ ಅಲ್ಲಿಗೆ ಮುಗಿಯಿತು. ಆದರೆ ಆ ರಾತ್ರಿಯೆಲ್ಲ ಗೆದ್ದ ಸಿಪಾಯಿಗಳು ಊರೊಳಗೆ ಮನೆಮನೆ ನುಗ್ಗಿ ಲೂಟಿ ಮಾಡಿದರು. ಕೊನೆಗೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ತನ್ನವರಲ್ಲೇ ಕೆಲವರನ್ನು ನೇಣಿಗೆ ಹಾಕಿಸಿ ಅದನ್ನು ನಿಲ್ಲಿಸಬೇಕಾಯಿತು. ಕೋಟೆ ಒಡೆದವರ ಬಗ್ಗೆ ಏನು ಬೇಕಾದರೂ ವಾದ ಮಾಡಬಹುದು. ಆ ರಾತ್ರಿಯ ಬಗ್ಗೆ ಯಾವ ವಾದವೂ ಇಲ್ಲ. ಯುದ್ಧದಲ್ಲಿ ನಿಜವಾದ ಪಾಪ ಜಾಸ್ತಿ ನಡೆಯುವುದು ಎದುರಾಳಿ ಕೈಚೆಲ್ಲಿದ ಮೇಲೆ. ಅಂಥ ಹೊತ್ತಿನಲ್ಲಿ ನೀನು ಎಲ್ಲಿ ನಿಂತಿರುತ್ತೀಯ ಅನ್ನುವುದೇ ನನಗೆ ಮುಖ್ಯ. ನಮ್ಮವರು 1971ರಲ್ಲಿ ಶರಣಾದ ಸುಮಾರು 93,000 ಜನರನ್ನು ಇಟ್ಟುಕೊಂಡು ಅನ್ನ ಹಾಕಿ ವಾಪಸ್ ಕಳಿಸಿದರು. ಕರಾಚಿಗೆ ಬೆಂಕಿ ಇಟ್ಟದ್ದಕ್ಕಿಂತ ನನಗೆ ಅದರ ಹೆಮ್ಮೆ ದೊಡ್ಡದು.

ಇನ್ನೊಂದು ಮಾತು. 2025ರ ಮೇ 8ರ ರಾತ್ರಿ ನೀವೆಲ್ಲ ನಮ್ಮ ಮನೆಯಲ್ಲೇ ಇದ್ದಿರಿ. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಹೋಗಿ ಕರಾಚಿ ಬಂದರನ್ನು ಸುಟ್ಟು ಹಾಕಿತು ಅಂತ ಟಿವಿಯವರು ಕಿರುಚಿದರು. ನಿನ್ನ ತಮ್ಮಂದಿರು ಸೋಫಾ ಮೇಲೆ ಹತ್ತಿ ಕುಣಿದರು. ನೀನು ಸ್ಟೇಟಸ್ ಹಾಕಿದೆ. ಬೆಳಗಾಗುವಷ್ಟರಲ್ಲಿ ಅದು ಸುಳ್ಳು ಅಂತ ಗೊತ್ತಾಯಿತು. ಮನೆಯಲ್ಲಿ ಕೂತವರು ಹಾಗೆ ಕುಣಿದರೆ ನನಗೆ ಸಂಕಟ ಆಗುತ್ತದೆ, ಆದರೂ ಬಿಟ್ಟುಬಿಡುತ್ತೇನೆ, ಅವರಿಗೆ ಗೊತ್ತಿಲ್ಲ. ಇನ್ನು ಮೇಲೆ ನೀನು ಮನೆಯಲ್ಲಿ ಕೂತವಳಲ್ಲ. ಯೂನಿಫಾರ್ಮ್ ಹಾಕಿದವಳು ಸಾವಿನ ಸುದ್ದಿಗೆ ಕುಣಿಯಬಾರದು. ಗೆದ್ದರೆ ಖುಷಿಪಡು, ದೇಶ ಉಳಿಯಿತು ಅಂತ ಖುಷಿಪಡು. ಅವರು ಬೆಂದರು, ಮುಳುಗಿದರು ಅಂತ ಅಲ್ಲ. ಆ ಎರಡು ಖುಷಿ ಬೇರೆ ಬೇರೆ, ಒಳಗೆ ನಿನಗೇ ಗೊತ್ತಾಗುತ್ತದೆ.

ನಿಮ್ಮಮ್ಮ ಹೆದರಿದ್ದಾಳೆ. ಬೈಯ್ಯಬೇಡ. ನಾಲ್ಕು ವರ್ಷದ ನಂತರ ಅಗ್ನಿವೀರರಲ್ಲಿ ನೂರಕ್ಕೆ ಇಪ್ಪತ್ತೈದು ಜನರನ್ನೇ ಉಳಿಸಿಕೊಳ್ಳುತ್ತಾರಂತೆ, ಆಮೇಲೆ ಏನು ಮಾಡುತ್ತಾಳೆ ಅನ್ನುವುದೂ ಅವಳ ಚಿಂತೆ. ಅದಕ್ಕೆ ಈಗಿನಿಂದಲೇ ಒಂದು ಕೈಕೆಲಸ ಗಟ್ಟಿಯಾಗಿ ಕಲಿ. ನನಗೆ ಪಿಂಚಣಿ ಬರುತ್ತಿದೆ, ಆದರೂ ರಿಟೈರ್ ಆದಮೇಲೆ ಮನೆ ನಡೆದದ್ದು ಬಾಯ್ಲರ್ ಕೆಲಸ ಗೊತ್ತಿದ್ದದ್ದರಿಂದಲೇ.

ಹೊರಡುವ ಮುಂಚೆ ಒಂದು ಭಾನುವಾರ ಬಂದು ಹೋಗು. ಸರ್ಟಿಫಿಕೇಟುಗಳ ಜೆರಾಕ್ಸ್ ಎರಡೆರಡು ಸೆಟ್ ಮಾಡಿಸಿಕೊಂಡು ಬಾ, ಒಂದು ನನ್ನ ಹತ್ತಿರ ಇರಲಿ. ನಿಮ್ಮಜ್ಜಿ ಚಟ್ನಿಪುಡಿ ಮಾಡಿಡುತ್ತೇನೆ ಅಂದಿದ್ದಾಳೆ, ಅಲ್ಲಿ ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿಕೋ.

ಇತಿ ನಿನ್ನ
ಚಿಕ್ಕತಾತ