ಇಕಾಲಾಜಿಕಲ್ ಎಕನಾಮಿಕ್ಸ್ ಓದಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ಆಶೀರ್ವಾದಗಳು.

ಇಕಾಲಾಜಿಕಲ್ ಎಕನಾಮಿಕ್ಸ್ ಓದುವುದಕ್ಕೆ ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂದು ಕೇಳಿದ್ದೀಯ. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೋ: ಓದು ಮುಗಿಸಿ ಹೊರಬಂದಾಗ ನನಗೆ ಯಾವ ಕೆಲಸ ಮಾಡಲು ಬರಬೇಕು? ಅದು ಗೊತ್ತಾದರೆ ಎಲ್ಲಿಗೆ ಹೋಗಬೇಕು ಎನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಕನ್ನಡದಲ್ಲಿ ನಾವು ಎಲ್ಲವನ್ನೂ ಪರಿಸರ ಅರ್ಥಶಾಸ್ತ್ರ ಎಂದುಬಿಡುತ್ತೇವೆ. ಆದರೆ ಎನ್ವಿರಾನ್ಮೆಂಟಲ್ ಎಕನಾಮಿಕ್ಸ್ ಬೇರೆ, ಇದು ಬೇರೆ. ಅಲ್ಲಿ ಹೊಗೆ, ಕೊಳಚೆ ಇವೆಲ್ಲ ಮಾರುಕಟ್ಟೆಯ ಲೆಕ್ಕಕ್ಕೆ ಸೇರದ ವೆಚ್ಚಗಳು. ಅವಕ್ಕೆ ಬೆಲೆ ಕಟ್ಟಿ ಒಳಗೆ ತರುವುದು ಮುಖ್ಯ ಕೆಲಸ. ಇಲ್ಲಿ ಆರ್ಥಿಕತೆಯೇ ಜೀವಗೋಳದೊಳಗಿನ ಒಂದು ಭಾಗ. ಹಾಗಾಗಿ ಅದು ಎಷ್ಟು ದೊಡ್ಡದಾಗಬಹುದು ಎಂಬ ಪ್ರಶ್ನೆ ಮೊದಲು ಬರುತ್ತದೆ. ಈ ಶಾಸ್ತ್ರ ಕಟ್ಟಿದವರಲ್ಲೊಬ್ಬರಾದ ಹರ್ಮನ್ ಡೇಲಿ ಇದನ್ನು ಗಾತ್ರ (ಆರ್ಥಿಕತೆ ಎಷ್ಟು ದೊಡ್ಡದು), ಹಂಚಿಕೆ (ಯಾರಿಗೆ ಎಷ್ಟು), ದಕ್ಷ ವಿನಿಯೋಗ (ಯಾವುದಕ್ಕೆ ಎಷ್ಟು ಬಳಕೆ) ಎಂದು ಮೂರು ಪ್ರಶ್ನೆಗಳಾಗಿ ಬಿಡಿಸಿಟ್ಟರು. ಕಾಡು ಕಡಿದು ಬಂದ ಹಣದಲ್ಲಿ ಕಾರ್ಖಾನೆ ಕಟ್ಟಿದರೆ ಸಮವಾಯಿತೇ? ಆಯಿತು ಎನ್ನುವವರದು ದುರ್ಬಲ ಸುಸ್ಥಿರತೆ, ಆಗುವುದಿಲ್ಲ ಎನ್ನುವವರದು ಪ್ರಬಲ ಸುಸ್ಥಿರತೆ. ನಿನ್ನ ಮನಸ್ಸು ಯಾವ ಕಡೆಗಿದೆ ಎಂದು ಅರ್ಜಿ ಬರೆಯುವ ಮೊದಲೇ ತಿಳಿದುಕೋ.

ಈಗ ಪೆನ್ನು ಹಿಡಿದು ಒಂದು ಲೆಕ್ಕ ಮಾಡು. ಆರ್ಥಿಕತೆಯಲ್ಲಿ ಉಕ್ಕು ಮತ್ತು ವಿದ್ಯುತ್ ಎಂಬ ಎರಡೇ ಉದ್ಯಮಗಳಿವೆ ಎನ್ನೋಣ. ಒಂದು ಯೂನಿಟ್ ಉಕ್ಕಿಗೆ 0.2 ಯೂನಿಟ್ ಉಕ್ಕು, 0.4 ಯೂನಿಟ್ ವಿದ್ಯುತ್ ಬೇಕು. ಒಂದು ಯೂನಿಟ್ ವಿದ್ಯುತ್ತಿಗೆ 0.3 ಯೂನಿಟ್ ಉಕ್ಕು, 0.1 ಯೂನಿಟ್ ವಿದ್ಯುತ್ ಬೇಕು. ಉಕ್ಕಿನ ಪ್ರತಿ ಯೂನಿಟ್ಟಿಗೆ ನೇರವಾಗಿ 2 ಕಿಲೋ ಕಲ್ಲಿದ್ದಲು ಉರಿಯುತ್ತದೆ, ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ 3 ಕಿಲೋ. ಗ್ರಾಹಕರ ಕೈಗೆ ಒಂದು ಯೂನಿಟ್ ಉಕ್ಕು ತಲುಪಬೇಕಾದರೆ ಒಟ್ಟು ಎಷ್ಟು ಕಲ್ಲಿದ್ದಲು ಬೇಕು? ಮೇಲುನೋಟಕ್ಕೆ 2 ಕಿಲೋ. ಆದರೆ ಉಕ್ಕಿಗೆ ವಿದ್ಯುತ್, ಆ ವಿದ್ಯುತ್ತಿಗೆ ಮತ್ತೆ ಉಕ್ಕು ಎಂದು ಸರಪಳಿ ಬೆಳೆಯುತ್ತಲೇ ಹೋಗುತ್ತದೆ. ಏಕಾಂಕ ಮಾತೃಕೆಯಿಂದ ಈ ಗುಣಾಂಕಗಳ ಮಾತೃಕೆಯನ್ನು ಕಳೆದು ವಿಲೋಮ ತೆಗೆದರೆ (ನಿರ್ಧಾರಕ 0.6 ಬರುತ್ತದೆ) ಒಟ್ಟು 1.5 ಯೂನಿಟ್ ಉಕ್ಕು, 0.667 ಯೂನಿಟ್ ವಿದ್ಯುತ್ ಉತ್ಪಾದನೆಯಾಗಬೇಕು ಎಂದು ಸಿಗುತ್ತದೆ. ಕಲ್ಲಿದ್ದಲು 3 ಕೂಡಿಸು 2, ಅಂದರೆ 5 ಕಿಲೋ. ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಫ್ ಕೊಟ್ಟ ಇನ್‌ಪುಟ್-ಔಟ್‌ಪುಟ್ ವಿಧಾನ ಇದೇ. ಒಂದು ದೇಶ ಆಮದಿನ ಮೂಲಕ ಇನ್ನೊಂದು ದೇಶದಲ್ಲಿ ಹೊಗೆ ಎಬ್ಬಿಸುವುದನ್ನು ಎಣಿಸುವವರೂ ಇದನ್ನೇ ನೂರಾರು ಉದ್ಯಮಗಳಿಗೆ ಹಿಗ್ಗಿಸಿ ಮಾಡುತ್ತಾರೆ. 2 ಕಿಲೋ 5 ಕಿಲೋ ಆದದ್ದನ್ನು ನೋಡಿ ಮನಸ್ಸು ಅರಳಿದರೆ ಲೆಕ್ಕದ ದಾರಿ ನಿನ್ನದು. ಕಲ್ಲಿದ್ದಲು ತೆಗೆದ ಜಾಗದಲ್ಲಿ ಯಾರು ಒಕ್ಕಲೆದ್ದರು ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬಂದರೆ ಪೊಲಿಟಿಕಲ್ ಇಕಾಲಜಿ, ಅಂದರೆ ಪರಿಸರದ ಹಿಂದಿನ ಅಧಿಕಾರ-ರಾಜಕೀಯದ ಅಧ್ಯಯನ, ಅದರ ಕಡೆ ನೋಡು. ಎರಡೂ ಗೌರವದ ದಾರಿಗಳೇ. ಆದರೆ ಒಂದನ್ನು ಕಲಿಸುವ ಕಡೆ ಇನ್ನೊಂದು ಅಷ್ಟೇ ಚೆನ್ನಾಗಿ ಸಿಗುವುದು ಅಪರೂಪ.

ಬಾರ್ಸಿಲೋನಾದ ಸ್ವಾಯತ್ತ ವಿಶ್ವವಿದ್ಯಾಲಯದಲ್ಲಿ ಜುವಾನ್ ಮಾರ್ಟಿನೆಜ್ ಅಲಿಯರ್ ಬೆಳೆಸಿದ ಪರಂಪರೆ ಇದೆ: ಪರಿಸರ ನ್ಯಾಯ, ಡಿಗ್ರೋತ್ (ಉತ್ಪಾದನೆ-ಬಳಕೆಯನ್ನು ಬೇಕೆಂದೇ ಇಳಿಸಬೇಕೆಂಬ ವಾದ), ಪರಿಸರ ಸಂಘರ್ಷಗಳ ಅಧ್ಯಯನ. ವಿಯೆನ್ನಾದ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ ಸಾಮಾಜಿಕ-ಪರಿಸರ ಅರ್ಥಶಾಸ್ತ್ರದ ಮಾಸ್ಟರ್ಸ್ 2 ವರ್ಷದ್ದು, 120 ಕ್ರೆಡಿಟ್. ಅದೇ ಊರಿನ ಬೋಕು ವಿಶ್ವವಿದ್ಯಾಲಯದ ಸೋಷಿಯಲ್ ಇಕಾಲಜಿ ವಿಭಾಗ ಸಾಮಗ್ರಿ ಹರಿವಿನ ಲೆಕ್ಕಕ್ಕೆ (ಆರ್ಥಿಕತೆಯೊಳಗೆ ಎಷ್ಟು ಟನ್ ಸಾಮಗ್ರಿ ಬಂತು, ಎಷ್ಟು ಹೋಯಿತು ಎಂಬ ಎಣಿಕೆಗೆ) ಹೆಸರುವಾಸಿ. ಬ್ರಿಟನ್ನಿನಲ್ಲಿ ಎಡಿನ್‌ಬರೋ, ಲೀಡ್ಸ್ ಇವೆ. ಅಲ್ಲಿನ ಮಾಸ್ಟರ್ಸ್ ಸಾಮಾನ್ಯವಾಗಿ ಒಂದೇ ವರ್ಷದ್ದು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಗುಂಡ್ ಇನ್‌ಸ್ಟಿಟ್ಯೂಟ್ ಈ ವಿಷಯದ ಹಳೆಯ ನೆಲೆಗಳಲ್ಲೊಂದು. ಆದರೆ ಪದವಿ ಕೊಡುವುದು ವಿಶ್ವವಿದ್ಯಾಲಯದ ವಿಭಾಗ, ಆದ್ದರಿಂದ ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕು ಎಂದು ಮೊದಲು ನೋಡಿಕೊಳ್ಳಬೇಕು. ಸಣ್ಣ ವಿಷಯವಾದ್ದರಿಂದ ಕೋರ್ಸುಗಳ ಹೆಸರು ಬದಲಾಗುತ್ತವೆ, ಕೆಲವು ನಿಂತೂ ಹೋಗುತ್ತವೆ. ನೀನು ಸೇರುವ ವರ್ಷ ಅದು ನಡೆಯುತ್ತದೆಯೇ ಎಂದು ವಿಭಾಗಕ್ಕೇ ಬರೆದು ಕೇಳು.

ಎಡವುವುದು ಎರಡು ಕಡೆ. ಮಾಮೂಲಿ ಅರ್ಥಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿ, ಒಳಗೆ ಹೋದ ಮೇಲೆ ನನ್ನ ವಿಷಯ ಮಾಡಿಕೊಳ್ಳುತ್ತೇನೆ ಎಂದುಕೊಳ್ಳುವುದು ಒಂದು. ಅಲ್ಲಿ ಮೊದಲ ವರ್ಷವಿಡೀ ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್, ಅವುಗಳ ಪರೀಕ್ಷೆ. ಅದು ದಾಟಿದ ಮೇಲೆ ಆರ್ಥಿಕತೆಯ ಗಾತ್ರದ ಮಿತಿಯ ಬಗ್ಗೆ ಪ್ರಬಂಧ ಬರೆಸಲು ಒಪ್ಪುವ ಮಾರ್ಗದರ್ಶಕರೇ ಇಲ್ಲದಿದ್ದರೆ ಏನು ಮಾಡುತ್ತೀ? ಇನ್ನೊಂದು ಇದಕ್ಕೆ ಉಲ್ಟಾ, ನನಗೆ ಹೆಚ್ಚು ಭಯ ಇದರದ್ದೇ. ಅಂತರ್‌ಶಿಸ್ತೀಯ (ಇಂಟರ್‌ಡಿಸಿಪ್ಲಿನರಿ) ಎಂಬ ಹೆಸರಿನ ಕೋರ್ಸಿನಲ್ಲಿ ಎಲ್ಲದರ ಬಗ್ಗೆ ಚರ್ಚೆ ಮಾಡಿ, ಒಂದು ವಿಧಾನವನ್ನೂ ಕೈವಶ ಮಾಡಿಕೊಳ್ಳದೆ ಹೊರಬರುವುದು. ಹಾಗಾಗಿ ಪಠ್ಯಕ್ರಮ ತರಿಸಿಕೊಂಡು ಕಡ್ಡಾಯ ಪತ್ರಿಕೆಗಳನ್ನು ಮಾತ್ರ ಎಣಿಸು. ಇನ್‌ಪುಟ್-ಔಟ್‌ಪುಟ್, ಜೀವನಚಕ್ರ ವಿಶ್ಲೇಷಣೆ (ಒಂದು ವಸ್ತು ಹುಟ್ಟಿನಿಂದ ಕಸವಾಗುವವರೆಗೆ ಪರಿಸರದ ಮೇಲೆ ಬೀರುವ ಪರಿಣಾಮದ ಲೆಕ್ಕ), ಬಹು-ಮಾನದಂಡ ಮೌಲ್ಯಮಾಪನ (ಹಣವೊಂದರಿಂದಲೇ ಅಳೆಯದೆ ಹಲವು ಅಳತೆಗೋಲು ಇಟ್ಟು ಆಯ್ಕೆಗಳನ್ನು ಹೋಲಿಸುವುದು), ಸಿಸ್ಟಮ್ ಡೈನಾಮಿಕ್ಸ್ (ಒಂದಕ್ಕೊಂದು ಹೆಣೆದುಕೊಂಡ ಬದಲಾವಣೆಗಳ ಮಾದರಿ ಕಟ್ಟುವುದು), ಕ್ಷೇತ್ರ ಸಮೀಕ್ಷೆ ಇವುಗಳಲ್ಲಿ ಎರಡಾದರೂ ಕಡ್ಡಾಯವಿಲ್ಲದಿದ್ದರೆ ಆ ಕೋರ್ಸು ಬೇಡ.

ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಪ್ರಬಂಧಕ್ಕೆ ಸಿಗುವುದು ಮೂರು-ನಾಲ್ಕು ತಿಂಗಳು. ಅಷ್ಟರಲ್ಲಿ "ಕೆರೆ ಉಳಿಸಲು ಎಷ್ಟು ಹಣ ಕೊಡುತ್ತೀರಿ" ಎಂಬ ಸಮೀಕ್ಷೆಗೆ ಕೈ ಹಾಕಬೇಡ. ವಿಶ್ವವಿದ್ಯಾಲಯದ ನೈತಿಕತಾ (ಎಥಿಕ್ಸ್) ಸಮಿತಿಯ ಅನುಮತಿಗೇ ವಾರಗಳು ಹಿಡಿಯುತ್ತವೆ, ಆಮೇಲೆ ಕೆಲವೇ ಜನರ ಮೇಲೆ ಪರೀಕ್ಷಾರ್ಥ ಸಮೀಕ್ಷೆ ಮಾಡಿ ಪ್ರಶ್ನೆ ತಿದ್ದಬೇಕು. ಅದನ್ನು ಬಿಟ್ಟವರಿಗೆ ಸೊನ್ನೆ ಎಂಬ ಉತ್ತರಗಳ ರಾಶಿ ಬರುತ್ತದೆ, ಆ ಸೊನ್ನೆ ಪ್ರತಿಭಟನೆಯೋ ನಿರಾಸಕ್ತಿಯೋ ಗೊತ್ತಾಗುವುದಿಲ್ಲ. ಸಿದ್ಧವಿರುವ ದತ್ತಾಂಶದ ಮೇಲೆ ಕೆಲಸ ಮಾಡು.

ಅರ್ಜಿಯ ತಯಾರಿ ಸೇರುವುದಕ್ಕೆ ಹದಿನೈದು ತಿಂಗಳು ಮೊದಲೇ ಶುರುವಾಗಲಿ. ರೇಖೀಯ ಬೀಜಗಣಿತ, ರಿಗ್ರೆಶನ್‌ವರೆಗಿನ ಸಂಖ್ಯಾಶಾಸ್ತ್ರ, ಆರ್ (R) ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಇಷ್ಟು ಸಾಕು. ಉಷ್ಣಬಲವಿಜ್ಞಾನದ ಎರಡನೇ ನಿಯಮವನ್ನು (ಬಳಸಿದ ಶಕ್ತಿ ಚದುರಿಹೋಗುತ್ತದೆ, ಮತ್ತೆ ಅಷ್ಟೇ ಉಪಯೋಗಕ್ಕೆ ಬರುವುದಿಲ್ಲ ಎನ್ನುವುದು) ಮಾತ್ರ ನಿಜವಾಗಿ ಅರ್ಥ ಮಾಡಿಕೋ, ಏಕೆಂದರೆ ಈ ಶಾಸ್ತ್ರಕ್ಕೆ ತಳಹದಿ ಹಾಕಿದ ಅರ್ಥಶಾಸ್ತ್ರಜ್ಞ ಜಾರ್ಜೆಸ್ಕು-ರೋಗನ್ ಅವರ ವಾದವೆಲ್ಲ ನಿಂತಿರುವುದು ಅದರ ಮೇಲೆ. ಜೊತೆಗೆ, 1989ರಿಂದ ಬರುತ್ತಿರುವ 'ಇಕಾಲಾಜಿಕಲ್ ಎಕನಾಮಿಕ್ಸ್' ನಿಯತಕಾಲಿಕದ ಕಳೆದ ಮೂರು ವರ್ಷದ ಸಂಚಿಕೆಗಳಿಂದ ನಿನಗೆ ಹಿಡಿಸಿದ ಹತ್ತು ಲೇಖನ ಆರಿಸಿ, ಯಾವ ವಿಧಾನ, ಲೇಖಕರು ಯಾವ ವಿಭಾಗದವರು ಎಂದು ಪಟ್ಟಿ ಮಾಡು. ಎರಡು ಸಲ ಬಂದ ವಿಭಾಗಗಳಿಗೆ ಅರ್ಜಿ ಹಾಕು. ಮಾರ್ಗದರ್ಶಕರಿಗೆ ಬರೆಯುವ ಪತ್ರ ಇನ್ನೂರು ಪದ ಮೀರದಿರಲಿ. ಅವರ ಯಾವ ಲೇಖನದ ಯಾವ ಕೋಷ್ಟಕ ನೋಡಿ ನಿನಗೆ ಯಾವ ಪ್ರಶ್ನೆ ಹುಟ್ಟಿತು ಎನ್ನುವುದು ಮೊದಲ ಪ್ಯಾರಾದಲ್ಲೇ ಇರಬೇಕು.

ಹಣದ ವಿಷಯ: ಅಮೆರಿಕದಲ್ಲಿ ಪಿಎಚ್.ಡಿ. ಸುಮಾರು ಐದು ವರ್ಷ, ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆಯಿಂದ ಖರ್ಚು ನಡೆಯುತ್ತದೆ. ಯುರೋಪಿನಲ್ಲಿ ಮಾಸ್ಟರ್ಸ್ ಆದ ಮೇಲೆ ಮೂರು-ನಾಲ್ಕು ವರ್ಷ, ಎಷ್ಟೋ ಕಡೆ ಸಂಬಳದ ಹುದ್ದೆಯಾಗಿಯೇ ಪ್ರಕಟಿಸುತ್ತಾರೆ. ಖರ್ಚಿನ ಏರ್ಪಾಡಿಲ್ಲದ ಪಿಎಚ್.ಡಿ. ಸೀಟಿಗೆ ಒಪ್ಪಬೇಡ. ಕೆಲಸ ಸಿಗುವುದಿಲ್ಲ ಎಂದು ಅಮ್ಮ ಹೆದರಿದರೆ ಹೇಳು: ವಿಶ್ವಸಂಸ್ಥೆಯ ಪರಿಸರ-ಆರ್ಥಿಕ ಲೆಕ್ಕಪದ್ಧತಿಯ ಮೂಲ ಚೌಕಟ್ಟು 2012ರಲ್ಲಿ, ಪರಿಸರವ್ಯವಸ್ಥೆಗಳ ಲೆಕ್ಕ 2021ರಲ್ಲಿ ಅಂಗೀಕಾರವಾಗಿವೆ, ಆ ಲೆಕ್ಕ ಬರೆಯಬಲ್ಲವರು ಅಂಕಿಅಂಶ ಕಚೇರಿಗಳಿಗೆ ಬೇಕು.

ಹತ್ತು ಲೇಖನಗಳ ಪಟ್ಟಿ ಆದ ಕೂಡಲೇ ನನಗೆ ಕಳಿಸು. ಮಾರ್ಗದರ್ಶಕರ ಪತ್ರದ ಕರಡನ್ನು ಇಬ್ಬರೂ ಕೂತು ತಿದ್ದೋಣ.

ನಿನ್ನ,
ದೊಡ್ಡಪ್ಪ