ಗಂಟೆ ಸದ್ದು ಕೇಳಿದರೆ ಹಂಡೆಗೆ ಬೆಂಕಿ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಹೋದ ವಾರ ತೀರ್ಥಹಳ್ಳಿಯಿಂದ ಹೆಬ್ರಿಗೆ ಕಾರಿನಲ್ಲಿ ಹೋಗಿದ್ದೆ. 50 ಕಿಲೋಮೀಟರಿಗೂ ಸ್ವಲ್ಪ ಮೇಲೆ, ಎರಡು ಗಂಟೆಯೂ ಬೇಕಾಗಲಿಲ್ಲ. ಆಗುಂಬೆ ಘಾಟಿ ಇಳಿಯುವಾಗ ಅಜ್ಜಿ ನೆನಪಾದಳು.

ಅವಳ ಸೋದರತ್ತೆಯನ್ನು ಹೆಬ್ರಿ ಕಡೆ ಕೊಟ್ಟಿತ್ತು. ಚಿಕ್ಕವಳಿದ್ದಾಗ ಅಜ್ಜಿ ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಹೋಗಿದ್ದಳು. ಮೂರು ದಿನದ ದಾರಿ. ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆದರೆ ಜಾಸ್ತಿ, ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಹಾಗಾಗಿ ಮಳೆಗಾಲ ಕಳೆದು, ಅಡಿಕೆ ಕೊಯ್ಲು ಮುಗಿದ ಮೇಲೇ ಗಾಡಿ ಹೂಡುತ್ತಿದ್ದರಂತೆ.

ಗಾಡಿಯ ಕಮಾನಿನೊಳಗೆ ಹುಲ್ಲು ಹಾಸಿ, ಮೇಲೆ ಜಮಖಾನ. ಆದರೂ ದಾರಿಯ ಒಂದೊಂದು ಕಲ್ಲೂ ಸೊಂಟಕ್ಕೇ ಬಡಿಯುತ್ತಿತ್ತಂತೆ. ಘಾಟಿಯಲ್ಲಿ ಹೆಂಗಸರು ಮಕ್ಕಳೆಲ್ಲ ಇಳಿದು ನಡೆಯಬೇಕು. ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಎತ್ತಿನ ಹೆಗಲ ಮೇಲೆ ಬರುತ್ತದೆ. ಅದಕ್ಕೆ ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟಿ, ಗಂಡಸರು ಹಗ್ಗ ಹಿಡಿದು ಜಗ್ಗುತ್ತಾ ಇಳಿಸುತ್ತಿದ್ದರು. ಒಂದು ತಿರುವಿನಲ್ಲಿ ಎಡಗಡೆಯ ಎತ್ತು ಜಾರಿ ಮೊಣಕಾಲೂರಿತಂತೆ. ಮುದುಕಿಯಾದ ಮೇಲೂ ಅದನ್ನು ಹೇಳುವಾಗ ಅಜ್ಜಿಯ ಕಣ್ಣು ತುಂಬುತ್ತಿತ್ತು. ತನ್ನ ಕಾಲಿನ ಬೊಬ್ಬೆಯ ಮಾತು ಮಾತ್ರ ಯಾವತ್ತೂ ಎತ್ತಲಿಲ್ಲ.

ಮೊದಲ ರಾತ್ರಿ, ಘಾಟಿಗೂ ಮೊದಲು ಸಿಗುವ ಮೇಗರವಳ್ಳಿಯಲ್ಲಿ. ಅಜ್ಜಿಯ ಚಿಕ್ಕಮ್ಮನ ನಾದಿನಿಯ ಮನೆ. ಕತ್ತಲಾಗುವಾಗ ಎತ್ತಿನ ಕೊರಳ ಗಂಟೆ ಕೇಳಿದರೆ ಸಾಕು, ಆ ಮನೆಯಲ್ಲಿ ಬಚ್ಚಲು ಹಂಡೆಗೆ ಬೆಂಕಿ ಹಾಕುತ್ತಿದ್ದರಂತೆ. ಯಾರು ಬಂದರು ಅಂತ ಆಮೇಲೆ ನೋಡುವುದು. ಎತ್ತಿಗೆ ಹುಲ್ಲು, ಅಕ್ಕಚ್ಚು. ಇವರಿಗೆ ಬಿಸಿನೀರು, ಊಟ. ಬೆಳಿಗ್ಗೆ ಹೊರಡುವಾಗ ಬುತ್ತಿ.

ಚಿಕ್ಕಮ್ಮನ ನಾದಿನಿ ಅಂದರೆ ಎಷ್ಟು ದೂರದ ನೆಂಟಸ್ತಿಕೆ ನೋಡು. ಸುಮ್ನೆ ಅಷ್ಟೆಲ್ಲ ನೆನಪಿಟ್ಟುಕೊಂಡವರಲ್ಲ ಅವರು. ಆ ಮನೆ ಇಲ್ಲದಿದ್ದರೆ ಕಾಡಿನ ದಾರಿಯಲ್ಲಿ ಗಾಡಿಯ ಅಡಿಗೇ ಮಲಗಬೇಕಿತ್ತು, ಹುಲಿಯ ಭಯದಲ್ಲಿ ಕಂದೀಲು ಉರಿಸಿಕೊಂಡು. ಆ ಮನೆಯವರು ನಮ್ಮ ಕಡೆ ಬಂದರೆ ನಮ್ಮ ಹಂಡೆಗೂ ಬೆಂಕಿ ಬೀಳುತ್ತಿತ್ತು. ಎತ್ತಿನ ಗಾಡಿಯ ಕಾಲ ಹೋದ ಮೇಲೆ ದಾರಿಯ ನೆಂಟರೂ ಒಬ್ಬೊಬ್ಬರಾಗಿ ಮರೆತುಹೋದರು. ನನಗೆ ಇದು ತುಂಬಾ ನೋಯಿಸುತ್ತದೆ ಮಾರಾಯ. ಮೊನ್ನೆ ಮೇಗರವಳ್ಳಿ ದಾಟಿ ಹೋದೆ. ಆ ಮನೆ ರಸ್ತೆಯ ಯಾವ ಮಗ್ಗುಲಿಗಿದೆ ಅಂತಲೂ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳಿಗೆ ಆ ಮನೆಯ ಹೆಸರು ನೆನಪಿದೆ. ನೀನು ದೀಪಾವಳಿಗೆ ಊರಿಗೆ ಬರುತ್ತೀಯಲ್ಲ, ಒಂದು ದಿನ ನನಗೆ ಕೊಡು. ಅಮ್ಮನನ್ನೂ ಕರೆದುಕೊಂಡು ಹೋಗೋಣ.

ಇಂತಿ ನಿನ್ನ ಗೆಳೆಯ