ಫ್ಯಾಮಿಲಿ ಫೋಟೋಗೆ ಇನ್ನು ಮುಂದೆ ನಿಮ್ಮ ಮನೆಯ ಬಟ್ಟೆಯೇ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಬಸವನಗುಡಿ ಸ್ಟುಡಿಯೋದಲ್ಲಿ ಫ್ಯಾಮಿಲಿ ಫೋಟೋಗೆ ಬಾಡಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು, ಫೋಟೋ ದಿನಕ್ಕೆ ಒಂದು ವಾರ ಮುಂಚೆ ನಿಮ್ಮ ಮನೆಯಿಂದ ಯಾರಾದರೂ ಒಬ್ಬರು ಎಲ್ಲರ ಬಟ್ಟೆ ತಗೊಂಡು ಸ್ಟುಡಿಯೋಗೆ ಬನ್ನಿ. ಅರ್ಧ ಗಂಟೆ ಸಾಕು. ನಮ್ಮ ಲೈಟಿನ ಕೆಳಗೆ ಒಟ್ಟಿಗೆ ಹರವಿ, ಯಾರು ಏನು ಹಾಕಿಕೊಳ್ಳುವುದು ಅಂತ ಕೂತು ತೀರ್ಮಾನ ಮಾಡೋಣ. ಇದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಫೋಟೋ ದರವೂ ಮೊದಲಿನಷ್ಟೇ.

ಒಂದೇ ಬಣ್ಣದ ಬಟ್ಟೆಯ ಸೆಟ್‌ಗಳನ್ನು ಕೇಳಿಕೊಂಡೇ ನಮ್ಮ ಹತ್ತಿರ ಬರುವವರು ತುಂಬ ಜನ ಇದ್ದೀರಿ. ಹಾಗಾಗಿ ಕಾರಣ ಸರಿಯಾಗಿ ಹೇಳಬೇಕು.

ಬಾಡಿಗೆ ಬಟ್ಟೆ ಯಾರ ಅಳತೆಗೂ ಹೊಲಿದಿದ್ದಲ್ಲ. ಎದುರಿನಿಂದ ನೀಟಾಗಿ ಕಾಣಲಿ ಅಂತ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡುತ್ತೇವೆ. ನಿಂತಾಗ ತೊಂದರೆ ಇಲ್ಲ. ಕುರ್ಚಿಯಲ್ಲಿ ಕೂತರೆ ಕ್ಲಿಪ್ ಒತ್ತುತ್ತದೆ, ಭುಜ ಮೇಲೇರುತ್ತದೆ, ಕತ್ತು ಬಿಗಿಯುತ್ತದೆ. ಮಕ್ಕಳಂತೂ ಕೈ ಹಿಂದೆ ಹಾಕಿ ಅದನ್ನೇ ಹುಡುಕುತ್ತಿರುತ್ತವೆ. ಮುಖದಲ್ಲಿ ನಗು ತರಿಸಬಹುದು, ಭುಜಕ್ಕೆ ಏನು ಮಾಡುವುದು?

ಇತ್ತೀಚೆಗೆ ವಿಜಯನಗರದಿಂದ ಒಂದು ಮನೆಯವರು ಷಷ್ಟಿಪೂರ್ತಿಯ ಫೋಟೋಗೆ ಬಂದಿದ್ದರು. ಬಾಗಲಕೋಟೆ ಕಡೆಯವರು. ಎಲ್ಲರಿಗೂ ತಿಳಿ ನೇರಳೆ ಸೆಟ್, ಅಜ್ಜಿಗೂ ಅದೇ ಬಣ್ಣದ ಜಾರ್ಜೆಟ್ ಸೀರೆ. ಅವರಿಗೆ ಇಳಕಲ್ ಸೀರೆಯ ಅಭ್ಯಾಸ. ಜಾರ್ಜೆಟ್ ಸೆರಗು ಜಾರುತ್ತಲೇ ಇತ್ತು, ಯಾವ ಫೋಟೋ ನೋಡಿದರೂ ಅಜ್ಜಿಯ ಕೈ ಭುಜದ ಮೇಲೆ. ಕೊನೆಗೆ ಮಗಳೇ, "ಅವ್ವಾ, ನಿನ್ನ ಸೀರಿನೇ ಉಟ್ಕೋ ಬಿಡು" ಅಂದರು. ಮನೆಯಿಂದ ಬರುವಾಗ ಉಟ್ಟಿದ್ದ ಸೀರೆಯನ್ನೇ ಅಜ್ಜಿ ಮತ್ತೆ ಉಟ್ಟು ಬಂದು ಕೂತರು, ಎರಡೂ ಕೈ ಮಡಿಲಿಗೆ ಇಳಿಯಿತು. ಆ ಮನೆಯವರು ಫ್ರೇಮ್ ಹಾಕಿಸಿದ್ದು ಆ ಫೋಟೋಗೇ.

ಹೊಸ ಬಟ್ಟೆ ತಗೊಳ್ಳಬೇಡಿ ಅಂತ ನಾವು ಹೇಳುತ್ತಿಲ್ಲ. ಚಿಕ್ಕಪೇಟೆಗೆ ಹೋಗುವ ಖುಷಿ ಬೇರೆಯೇ. ಆದರೆ ಬರೀ ಫೋಟೋಗೆ ಅಂತ ಅಷ್ಟು ದೂರ ಓಡಾಡಬೇಕಾಗಿಲ್ಲ. ಬೇಕಾದದ್ದು ಹೆಚ್ಚೂಕಡಿಮೆ ನಿಮ್ಮ ಬೀರುವಿನಲ್ಲೇ ಇರುತ್ತದೆ.

ಆರಿಸುವಾಗ ಮನೆಯ ಹಿರಿಯರಿಂದ ಶುರು ಮಾಡಿ. ಸಾಮಾನ್ಯವಾಗಿ ಎಲ್ಲರೂ ಮಕ್ಕಳ ಬಟ್ಟೆ ಮೊದಲು ತೆಗೆದಿಟ್ಟು, ಅಜ್ಜಿಗೆ ಅದಕ್ಕೆ ಮ್ಯಾಚಿಂಗ್ ಹುಡುಕುತ್ತಾರೆ. ತಿರುಗಿಸಿ ಮಾಡಿದರೆ ಕೆಲಸ ಸುಲಭ. ಅಜ್ಜಿ ಇಷ್ಟಪಟ್ಟು ಉಡುವ ಸೀರೆ ನಾಲ್ಕೋ ಐದೋ ಇರುತ್ತವೆ, ಮೊಮ್ಮಗನಿಗೆ ಯಾವ ಅಂಗಿಯಾದರೂ ನಡೆಯುತ್ತದೆ. ಅಜ್ಜಿಯ ಸೀರೆಯ ಒಡಲು, ಅಂಚು, ಸೆರಗು ನೋಡಿ ಅದರಿಂದ ಎರಡು ಮೂರು ಬಣ್ಣ ಎತ್ತಿಕೊಳ್ಳಿ. ಉಳಿದವರಿಗೆ ಆ ಬಣ್ಣಗಳಲ್ಲೇ ಸ್ವಲ್ಪ ಗಾಢ, ಸ್ವಲ್ಪ ತಿಳಿ ಹಂಚಿದರೆ ಆಯಿತು. ಇಳಕಲ್ ಸೀರೆಗೆ ಕೆಂಪು ಸೆರಗು, ಅದರಲ್ಲಿ ಬಿಳಿ ವಿನ್ಯಾಸ. ಅಷ್ಟು ಚೆಂದದ ಸೆರಗು ಇರುವಾಗ ಪಕ್ಕದಲ್ಲಿ ಕೂರುವವರು ಸಾದಾ ಬಟ್ಟೆ ಹಾಕಿದರೆ ಸೀರೆ ಎದ್ದು ಕಾಣುತ್ತದೆ. ಪಕ್ಕದಲ್ಲೂ ಹೂವಿನ ಪ್ರಿಂಟ್ ಬಂದರೆ ಎರಡೂ ಕೆಡುತ್ತವೆ.

ಕ್ರೇಪ್ ಒಡಲಿಗೆ ಜರಿ ಅಂಚು ಇರುವ ಮೈಸೂರು ಸಿಲ್ಕ್ ನಮ್ಮ ಕ್ಯಾಮೆರಾಗೆ ತುಂಬ ಒಗ್ಗುವ ಸೀರೆ. 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಲ್ಲಿ ನೇಯುವ ಈ ಸೀರೆಯ ಹೊಳಪು ಹಿತವಾಗಿರುತ್ತದೆ, ನೆರಿಗೆಯೂ ಮೆತ್ತಗೆ ಬೀಳುತ್ತದೆ. ಅಗಲ ಜರಿಯ ಕಾಂಜೀವರಂ ಉಡುವವರಿದ್ದರೆ ಮೊದಲೇ ತಿಳಿಸಿ. ಎದುರಿನಿಂದ ಲೈಟ್ ಬಿದ್ದರೆ ಆ ಜರಿ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ, ವಿನ್ಯಾಸ ಮಾಯವಾಗುತ್ತದೆ. ಲೈಟನ್ನು ಪಕ್ಕಕ್ಕೆ ಸರಿಸಿ, ಎದುರಿಗೆ ದೊಡ್ಡ ಬಿಳಿ ಬಟ್ಟೆ ಕಟ್ಟಿ ಮೆದು ಮಾಡಿಕೊಳ್ಳುವುದಕ್ಕೆ ನಮಗೆ ಸಮಯ ಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಎಲ್ಲರ ಬಟ್ಟೆಯನ್ನೂ ಮಂಚದ ಮೇಲೆ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಮೆರೂನ್ ಮತ್ತು ಕಡು ಹಸಿರು ಕಣ್ಣಿಗೆ ಎಷ್ಟು ಬೇರೆ ಬೇರೆ, ಅಲ್ವಾ? ಕಪ್ಪು-ಬಿಳುಪಿನಲ್ಲಿ ಎರಡೂ ಹೆಚ್ಚೂಕಡಿಮೆ ಒಂದೇ ಬೂದಿ ಬಣ್ಣ. ಅಂದರೆ ಇಬ್ಬರೂ ಒಂದೇ ಗುಂಪಿನಲ್ಲಿ ಸೇರಿಕೊಂಡರು ಅಂತ ಲೆಕ್ಕ, ಬಣ್ಣ ಬೇರೆಯಾದರೂ ಜೋಡಿ ಆಗುತ್ತದೆ. ಅದೇ ಫೋಟೋದಲ್ಲಿ ಒಂದೇ ಒಂದು ಅಂಗಿ ಬೆಳ್ಳಗೆ ಹೊಳೆಯುತ್ತಿದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆ ಅಂಗಿ ನಡುವೆ ಕೂರುವ ತಾತನದ್ದಾದರೆ ಬಹಳ ಒಳ್ಳೆಯದು. ಮೂಲೆಯಲ್ಲಿ ನಿಲ್ಲುವ ಅಳಿಯಂದಿರದ್ದಾದರೆ ಬದಲಾಯಿಸಿ.

ಬಿಳಿಯಲ್ಲೂ ಒಂದು ವಿಷಯ ಇದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಬಿಳುಪು ಜಾಸ್ತಿ ಮಾಡುವ ರಾಸಾಯನಿಕ ಇರುತ್ತದೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕು ಮಾಡಿ ಹೊರಗೆ ಬಿಡುತ್ತದೆ. ಬಿಸಿಲಿನಲ್ಲಿ ಅದು ಫಳಫಳ ಬಿಳಿ. ಫ್ಲ್ಯಾಷ್ ಬಿದ್ದಾಗ ಒಬ್ಬರ ಪಂಚೆ ನೀಲಿಗೆ ತಿರುಗಿ, ಪಕ್ಕದವರ ಅಂಗಿ ಹಳದಿ ಕಾಣುವುದುಂಟು. ಎಲ್ಲರೂ ಬಿಳಿ ಹಾಕುವ ಆಸೆ ಇದ್ದರೆ ಹಾಲುಬಣ್ಣ ಅಥವಾ ಕೆನೆಬಣ್ಣ ಆರಿಸಿ.

ಸಣ್ಣ ಗೀಟು, ಸಣ್ಣ ಚೌಕಳಿಯ ಅಂಗಿ ಬೇಡವೇ ಬೇಡ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಿದ್ದಾಗ ಅಲೆ ಅಲೆಯಾಗಿ ಗೆರೆ ಕಾಣುತ್ತದಲ್ಲ, ಇಲ್ಲೂ ಹಾಗೇ ಆಗುತ್ತದೆ. ಕ್ಯಾಮೆರಾದ ಒಳಗೂ ಸಣ್ಣ ಚೌಕಗಳ ಒಂದು ಜಾಲ ಇದೆ. ಬಟ್ಟೆಯ ಗೆರೆ ಅದರ ಜೊತೆ ಸಿಕ್ಕಿಕೊಂಡರೆ ಅಂಗಿ ತುಂಬ ಬಣ್ಣದ ಅಲೆ ಎದ್ದುಬಿಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಪೂರ್ತಿ ತೆಗೆಯುವುದು ತುಂಬ ಕಷ್ಟ. ದೊಡ್ಡ ಚೌಕಳಿಯಾದರೆ ಅಡ್ಡಿ ಇಲ್ಲ.

ಕಂದಮ್ಮಗಳನ್ನು ಎತ್ತಿಕೊಳ್ಳುವ ತಾಯಂದಿರಿಗೆ ಒಂದು ಮಾತು. ಬಟ್ಟೆಯ ಬಣ್ಣ ಮಗುವಿನ ಮುಖದ ಮೇಲೆ ಬೀಳುತ್ತದೆ. ಗಿಳಿಹಸಿರು ಚೂಡಿದಾರ್ ಹಾಕಿದರೆ ಮಗುವಿನ ಕೆನ್ನೆ, ಗಲ್ಲದ ಕೆಳಗೆಲ್ಲ ಹಸಿರು. ಮಿರಮಿರ ಮಿಂಚುವ ಗುಲಾಬಿ, ಕಿತ್ತಳೆಗೂ ಹೀಗೇ. ಕೆನೆ, ತಿಳಿ ಹಳದಿ, ಮಣ್ಣಿನ ಬಣ್ಣ ಹಾಕಿದರೆ ಮಗುವಿನ ಮುಖ ಬೆಚ್ಚಗೆ ಬರುತ್ತದೆ. ಮಕ್ಕಳಿಗೆ ಜರತಾರಿ ಲಂಗ ತೊಡಿಸುವುದಾದರೆ ಒಳಗೆ ಹತ್ತಿಯ ಲೈನಿಂಗ್ ಇದೆಯಾ ನೋಡಿ. ಚುಚ್ಚುವ ಬಟ್ಟೆಯಲ್ಲಿ ಯಾವ ಮಗು ತಾನೇ ಕೂರುತ್ತದೆ?

ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕ್ ಥರ ಹೊರಗೆ ಫೋಟೋ ಬೇಕೆನ್ನುವವರು ಕಡು ಹಸಿರು ಬಿಟ್ಟುಬಿಡಿ, ಮರಗಿಡಗಳಲ್ಲಿ ಕಲೆತುಹೋಗುತ್ತದೆ. ಅನುಮತಿಯ ವಿಚಾರ ಬುಕಿಂಗ್ ದಿನವೇ ಮಾತಾಡೋಣ.

ಗಂಡಸರು ಬಟ್ಟೆ ಹಾಕಿಕೊಂಡು ಒಮ್ಮೆ ಕೂತು ನೋಡಿ. ಕೂತಾಗ ಪ್ಯಾಂಟ್ ಮೇಲೇರಿ ಸಾಕ್ಸ್, ಕಾಲು ಎಲ್ಲ ಕಾಣುತ್ತದೆ. ಹೊಟ್ಟೆಯ ಹತ್ತಿರ ಗುಂಡಿಗಳ ನಡುವೆ ಅಂಗಿ ಬಾಯಿ ಬಿಡುತ್ತದೆ. ಕನ್ನಡಿ ಮುಂದೆ ನಿಂತಾಗ ಇದೆಲ್ಲ ಗೊತ್ತಾಗುವುದಿಲ್ಲ.

ಕೆಲವು ವಸ್ತುಗಳನ್ನು ನಾವು ಇಟ್ಟುಕೊಳ್ಳುತ್ತಿದ್ದೇವೆ. ಮೈಸೂರು ಪೇಟ, ಜರಿ ಶಲ್ಯ, ಸಾದಾ ಕೆನೆಬಣ್ಣದ ಶಾಲು, ಸೇಫ್ಟಿ ಪಿನ್, ಇಸ್ತ್ರಿ ಪೆಟ್ಟಿಗೆ ಇದ್ದೇ ಇರುತ್ತವೆ. ಇವಕ್ಕೆ ಬಾಡಿಗೆ ಇಲ್ಲ. ಈಗಾಗಲೇ ಬಾಡಿಗೆ ಬಟ್ಟೆ ಸೇರಿಸಿ ಬುಕ್ ಮಾಡಿದವರಿಗೆ ಮಾತು ಕೊಟ್ಟಂತೆ ಬಟ್ಟೆ ಸಿಗುತ್ತದೆ. ಮನೆಯ ಬಟ್ಟೆಯೇ ಇರಲಿ ಅನ್ನಿಸಿದರೆ ಬಾಡಿಗೆ ದುಡ್ಡು ವಾಪಸ್ ಕೊಡುತ್ತೇವೆ.

ಬಟ್ಟೆ ನೋಡುವ ಹೊತ್ತು ಮಂಗಳವಾರದಿಂದ ಶುಕ್ರವಾರ, ಸಂಜೆ 4ರಿಂದ 7. ಶನಿವಾರ, ಭಾನುವಾರ ಫೋಟೋ ತೆಗೆಯುವ ಕೆಲಸ ಇರುತ್ತದೆ, ಆಗ ಬಂದರೆ ನಿಮ್ಮ ಜೊತೆ ನಿಧಾನವಾಗಿ ಕೂರಲು ಆಗುವುದಿಲ್ಲ. ಯಲಹಂಕ, ವೈಟ್‌ಫೀಲ್ಡ್ ಅಷ್ಟು ದೂರದಿಂದ ಸುಮ್ನೆ ಟ್ರಾಫಿಕ್‌ನಲ್ಲಿ ಬರಬೇಡಿ. ಬಟ್ಟೆಯ ಫೋಟೋ ವಾಟ್ಸಾಪ್ ಮಾಡಿ, ನೋಡಿ ಫೋನ್ ಮಾಡುತ್ತೇವೆ. ಟ್ಯೂಬ್‌ಲೈಟ್ ಆಫ್ ಮಾಡಿ, ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಇಟ್ಟು ತೆಗೆದರೆ ನಿಜವಾದ ಬಣ್ಣ ಗೊತ್ತಾಗುತ್ತದೆ. ಸ್ಟುಡಿಯೋಗೆ ಬರುವವರು ಬ್ಲೌಸ್, ದುಪಟ್ಟಾ, ಬೆಲ್ಟ್, ಚಪ್ಪಲಿ ಸಮೇತ ತನ್ನಿ. ಪ್ರತಿಯೊಬ್ಬರಿಗೂ ಇನ್ನೊಂದು ಜೊತೆ ಬಟ್ಟೆ ಹೆಚ್ಚಿಗೆ ಇದ್ದರೆ ಇನ್ನೂ ಒಳ್ಳೆಯದು.

ಇಂತಿ ನಿಮ್ಮ,
ಸ್ಟುಡಿಯೋ ಬಳಗ
ಬಸವನಗುಡಿ, ಬೆಂಗಳೂರು